ಎಂಬತ್ತರ ಹಿಲ್ಡೆಗಾರ್ಡ್ ಮತ್ತು ಒಂದು ಸಮಾಧಿಯ ಜಗಳ

ಹನ್ನೆರಡನೇ ಶತಮಾನದ ಜರ್ಮನ್ ಸನ್ಯಾಸಿನಿ ಬಿಂಗೆನ್‌ನ ಹಿಲ್ಡೆಗಾರ್ಡ್ ಎಂದೊಡನೆ ಎಲ್ಲರೂ ಆಕೆಗೆ ಕಾಣುತ್ತಿದ್ದ ದರ್ಶನಗಳ ಮಾತೆತ್ತುತ್ತಾರೆ. ನನಗೆ ಮೊದಲು ಸಿಕ್ಕಿದ್ದು ಆಕೆಯ ಹಾಡು. ನಮ್ಮ ಸಂಗೀತ ಕಲಿತ ಕಿವಿಗೆ ಅದು ಹೊಸದು: ತಾಳವಿಲ್ಲ, ಒಂದೇ ಎಳೆಯಲ್ಲಿ ಸಾಗುವ ಲ್ಯಾಟಿನ್ ಸಾಹಿತ್ಯ. ಆ ಕಾಲದ ಚರ್ಚಿನ ಹಾಡುಗಳು ಹೆಚ್ಚಾಗಿ ಅಕ್ಕಪಕ್ಕದ ಸ್ವರಗಳಲ್ಲೇ ಮೆಲ್ಲಗೆ ಸುಳಿದಾಡುತ್ತವೆ. ಈಕೆ ಷಡ್ಜದಿಂದ ಒಮ್ಮೆಲೇ ಪಂಚಮಕ್ಕೆ ನೆಗೆದು ಮೇಲೇರುತ್ತಾಳೆ. ಹಾಡಿ ನೋಡಿದೆ, ಉಸಿರು ಸಾಲಲಿಲ್ಲ.

ಆ ಹಾಡಿಗೇ ಒಮ್ಮೆ ನಿಷೇಧ ಬಿತ್ತು.

1098ರಲ್ಲಿ ಹುಟ್ಟಿದವಳು. 1112ರಲ್ಲಿ, ಇನ್ನೂ ಹುಡುಗಿಯಾಗಿರುವಾಗಲೇ, ಯುಟ್ಟಾ ಎಂಬ ತಪಸ್ವಿನಿಯ ಜೊತೆ ಡಿಸಿಬೋಡೆನ್‌ಬರ್ಗ್ ಮಠ ಸೇರಿದಳು. ತನಗೆ ಕಂಡದ್ದನ್ನು ಬರೆಯಲು ತೊಡಗಿದ್ದು 1141ರಲ್ಲಿ, ನಲವತ್ತು ದಾಟಿದ ಮೇಲೆ. ಹತ್ತಿರ ಹತ್ತಿರ 1150ಕ್ಕೆ ತನ್ನ ಸನ್ಯಾಸಿನಿಯರನ್ನು ಕರೆದುಕೊಂಡು ಬಿಂಗೆನ್ ಬಳಿಯ ರೂಪರ್ಟ್ಸ್‌ಬರ್ಗ್‌ನಲ್ಲಿ ಸ್ವಂತ ಮಠ ಕಟ್ಟಿದಳು. ಹಳೆಯ ಮಠದವರು ಬಿಡಲೊಪ್ಪದಿದ್ದಾಗ ಹಾಸಿಗೆ ಹಿಡಿದಳು. ಅನುಮತಿ ಸಿಕ್ಕ ಮೇಲೇ ಎದ್ದಿದ್ದು. ಕಾಯಿಲೆಯೋ ಹಟವೋ, ಆಕೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಆಕೆಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಕುಲೀನ ಮನೆತನದ ಹೆಣ್ಣುಮಕ್ಕಳನ್ನಷ್ಟೇ ಯಾಕೆ ಸೇರಿಸಿಕೊಳ್ಳುತ್ತೀರಿ ಎಂದು ಟೆಂಕ್ಸ್‌ವಿಂಡ್ ಎಂಬ ಇನ್ನೊಬ್ಬ ಮಠದ ಮುಖ್ಯಸ್ಥೆ ಪತ್ರ ಬರೆದು ಕೇಳಿದಳು. ಎಲ್ಲ ಬಗೆಯ ಜಾನುವಾರುಗಳನ್ನು ಒಂದೇ ಕೊಟ್ಟಿಗೆಯಲ್ಲಿ ಕಟ್ಟುವವರುಂಟೇ ಎಂದು ಈಕೆಯ ಉತ್ತರ. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಏನು ಹೇಳುತ್ತಿದ್ದರೆಂದು ಬಲ್ಲವರಿಗೆ ಈ ಉತ್ತರ ಚುಚ್ಚುತ್ತದೆ.

ಸಮಾಧಿಯ ಜಗಳ 1178ರದ್ದು. ಹಿಂದೊಮ್ಮೆ ಚರ್ಚಿನಿಂದ ಬಹಿಷ್ಕೃತನಾಗಿದ್ದ ಒಬ್ಬ ಶ್ರೀಮಂತನನ್ನು ಮಠದ ನೆಲದಲ್ಲಿ ಹೂಳಲಾಗಿತ್ತು. ಸಾಯುವ ಮೊದಲೇ ಆತ ಪಾಪನಿವೇದನೆ ಮಾಡಿ ಪರಮಪ್ರಸಾದ ಪಡೆದು ಚರ್ಚಿಗೆ ಮರಳಿದ್ದ ಎಂಬುದು ಹಿಲ್ಡೆಗಾರ್ಡಳ ವಾದ. ಮೈಂಜ್ ನಗರದ ಚರ್ಚಿನ ಅಧಿಕಾರಿಗಳು ಕೇಳಲಿಲ್ಲ, ಶವ ಹೊರತೆಗೆಯಿರಿ ಎಂದರು. ಎಂಬತ್ತರ ಮುದುಕಿ ಆಗುವುದಿಲ್ಲ ಎಂದಳು. ಮಠಕ್ಕೆ ನಿರ್ಬಂಧ ಬಿತ್ತು: ಬಲಿಪೂಜೆ ಎಂಬ ಚರ್ಚಿನ ಮುಖ್ಯ ಆರಾಧನೆಯಿಲ್ಲ, ಹಾಡುವಂತಿಲ್ಲ, ಪ್ರಾರ್ಥನೆಯನ್ನು ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಓದಬೇಕು.

ವಿಚಿತ್ರವೆಂದರೆ ಹಾಡುವಂತಿಲ್ಲ ಎಂಬ ಆಜ್ಞೆಯನ್ನು ಆಕೆ ಪಾಲಿಸಿದಳು. ಅಗೆಯಲು ಮಾತ್ರ ಒಪ್ಪಲಿಲ್ಲ. ಜೊತೆಗೆ ಮೈಂಜ್‌ಗೆ ಒಂದು ಉದ್ದನೆಯ ಪತ್ರ ಬರೆದಳು. ನನ್ನ ಮಟ್ಟಿಗೆ ಆಕೆಯ ದರ್ಶನಗ್ರಂಥಗಳಿಗಿಂತ ಅದೇ ದೊಡ್ಡದು. ಅದರಲ್ಲಿ ಆಕೆಯ ವಾದ ಇದು: ಪಾಪ ಮಾಡಿ ಪತನವಾಗುವ ಮುಂಚೆ ಮೊದಲ ಮನುಷ್ಯ ಆದಾಮನ ದನಿ ದೇವದೂತರ ದನಿಯೊಡನೆ ಕೂಡಿತ್ತು. ಮನುಷ್ಯ ಹಾಡಿದಾಗ ಆ ನೆನಪು ಮರಳುತ್ತದೆ. ಸೈತಾನನಿಗೆ ಸಹಿಸಲಾಗದ್ದು ಇದೇ. ಸರಿಯಾದ ಕಾರಣವಿಲ್ಲದೆ ದೇವರ ಸ್ತುತಿಯ ಬಾಯಿ ಮುಚ್ಚಿಸಿದವರಿಗೆ ಸ್ವರ್ಗದ ಹಾಡಿನಲ್ಲಿ ಪಾಲಿಲ್ಲ ಎಂದು ಎಚ್ಚರಿಸುತ್ತಾಳೆ. ಸಿಟ್ಟಿನಲ್ಲಿ ಹುಟ್ಟಿಸಿದ ತರ್ಕವಲ್ಲ ಇದು. ವರ್ಷಗಳ ಹಿಂದೆಯೇ ಬರೆದಿದ್ದ ‘ಓರ್ಡೊ ವಿರ್ಟುಟುಮ್’ ಎಂಬ ಸಂಗೀತನಾಟಕದಲ್ಲಿ ಎಲ್ಲರೂ ಹಾಡುತ್ತಾರೆ, ಸೈತಾನ ಮಾತ್ರ ಕಿರುಚುತ್ತಾನೆ. ಅವನಿಗೆ ಆಕೆ ಒಂದು ಸ್ವರವನ್ನೂ ಕೊಟ್ಟಿಲ್ಲ.

ಆಗ ಇಟಲಿಯಲ್ಲಿದ್ದ ಮೈಂಜ್‌ನ ಮಹಾಧರ್ಮಾಧ್ಯಕ್ಷ ಕ್ರಿಸ್ಟಿಯಾನ್‌ಗೂ ಆಕೆ ಬರೆದಳು. 1179ರ ಮಾರ್ಚ್‌ನಲ್ಲಿ ಆತ ನಿರ್ಬಂಧ ತೆಗೆದ. ಹೆಣ ಇದ್ದಲ್ಲೇ ಉಳಿಯಿತು. ಅದೇ ಸೆಪ್ಟೆಂಬರ್ 17ರಂದು ಹಿಲ್ಡೆಗಾರ್ಡ್ ತೀರಿಕೊಂಡಳು.

ಆಕೆ ಕಟ್ಟಿದ ಮಠವನ್ನು 1632ರಲ್ಲಿ ಸ್ವೀಡನ್ನಿನ ಸೈನಿಕರು ನಾಶ ಮಾಡಿದರು. ಚರ್ಚು ಆಕೆಯನ್ನು ‘ಧರ್ಮಪಂಡಿತೆ’ ಎಂದು ಸಾರಿದ್ದು 2012ರಲ್ಲಿ. ಇವತ್ತು ಆಕೆಯ ಹೆಸರಿನಲ್ಲಿ ಬಿಸ್ಕತ್ತು, ಕಷಾಯಗಳೂ ಮಾರಾಟಕ್ಕಿವೆ. ಅವನ್ನು ಬಿಡಿ. ಮೈಂಜ್‌ಗೆ ಬರೆದ ಆ ಪತ್ರ ಓದಿ.