ಮೆಸಾ ವರ್ಡೆ: ಒರತೆ ಇದ್ದ ಕಡೆ ಮನೆ, ಮನೆ ಇದ್ದ ಕಡೆ ಜಗಳ

ಡೆನ್ವರಿಂದ ಬೆಳಗಿನ ಜಾವ ಹೊರಟು ಅಮೆರಿಕದ ಕೊಲರಾಡೋದ ಮೂಲೇಲಿರೋ ಮೆಸಾ ವರ್ಡೆ ಮುಟ್ಟೋಷ್ಟರಲ್ಲಿ ಮಧ್ಯಾಹ್ನ, ಚಿತ್ರಾನ್ನದ ಡಬ್ಬಿ ದಾರೀಲೇ ಖಾಲಿ. ಪ್ಯೂಬ್ಲೋ ಅನ್ನೋ ಮೂಲನಿವಾಸಿಗಳು ಬಂಡೆ ಪೊಟರೆಗಳಲ್ಲಿ ಕಲ್ಲಿನ ಮನೆ ಕಟ್ಕೊಂಡಿದ್ದ ಜಾಗ ಇದು, ಈಗ ನ್ಯಾಷನಲ್ ಪಾರ್ಕು. ಅಲ್ಲಿನ ದೊಡ್ಡ ಪೊಟರೆ ಊರು ಕ್ಲಿಫ್ ಪ್ಯಾಲೇಸ್‌ಗೆ ಟಿಕೆಟ್ ಸಿಗ್ಲಿಲ್ಲ, ಬಂಡೆ ಪೊಟರೆಯೊಳಗಿನ ಆ ಸುಮಾರು 150 ಕೋಣೆಗಳನ್ನ ಮೇಲಿಂದಾನೇ ನೋಡಿ, ಅಂಥದ್ದೇ ಇನ್ನೊಂದು ಪೊಟರೆ ಮನೆ ಬಾಲ್ಕನಿ ಹೌಸ್‌ಗೆ ಹೋದ್ವಿ.

ಹೋಗೋಕೆ 32 ಅಡಿ ಮರದ ಏಣಿ, ವಾಪಸ್ ಬರೋಕೆ 12 ಅಡಿ ಉದ್ದದ ಸುರಂಗ, ಅಗಲ ಬರೀ 18 ಇಂಚು. ಆಗಿನ ಜನ ಮನೆಗೆ ಬರ್ತಿದ್ದಿದ್ದೇ ಈ ಸಂದೀಲಿ. ನಾನು ಅಂಬೆಗಾಲಿಟ್ಕೊಂಡು ನುಗ್ತಿದ್ರೆ ಬ್ಯಾಗು ಸಿಕ್ಕಾಕೊಂಡ್ತು, ಹಿಂದಿಂದ ನಮ್ಮನೆಯವಳು "ಓಬವ್ವನ ಕಿಂಡಿ ಇದ್ದಂಗಿದೆ ಕಣ್ರೀ, ಆ ಕಡೆ ಒನಕೆ ಹಿಡ್ಕೊಂಡು ಯಾರೂ ನಿಂತಿಲ್ಲ ತಾನೇ?" ಅಂದ್ಳು. ತಮಾಷೆಗೆ ಅಂದಿದ್ದು, ಆದ್ರೆ ಲೆಕ್ಕಾಚಾರ ಅದೇ, ಬರೋನು ಒಬ್ಬೊಬ್ಬನೇ ತಲೆ ಮುಂದೆ ಮಾಡ್ಕೊಂಡು ಬರ್ಬೇಕು.

ನಂಗೆ ಹಿಡಿಸಿದ್ದು ಪೊಟರೆಯ ಹಿಂದಿನ ಗೋಡೇಲಿರೋ ಒರತೆ. ಮೇಲಿನ ಮರಳುಗಲ್ಲಲ್ಲಿ ಇಳಿದ ಮಳೆ, ಹಿಮದ ನೀರು ಕೆಳಗಿನ ಜೇಡಿಪದರ ತಾಕಿ ನಿಂತು ಪಕ್ಕಕ್ಕೆ ಜಿನುಗುತ್ತೆ. ಹೊಲ ಗುಡ್ಡದ ಮೇಲೆ, ಶತಮಾನಗಟ್ಲೆ ಮನೆಗಳೂ ಮೇಲೇ ಇದ್ವು. 1200ರ ಆಸುಪಾಸಲ್ಲಿ ಪೊಟರೆಗೆ ಇಳಿದ್ರು, ನೀರಿಗೋ ಭಯಕ್ಕೋ ಅಂತ ಕೇಳಿದ್ರೆ ನಾನು ಎರಡಕ್ಕೂ ಅಂತೀನಿ, ನೀರಿನ ಮೇಲೇ ಕೂತ್ಕೊಂಡ್ರೆ ಅದನ್ನ ಕಾಯೋದೂ ಸುಲಭ ಅಲ್ವಾ.

ಆಮೇಲೆ 1276ರಿಂದ 1299ರವರೆಗೆ ಬರ. ಮನೆ ತೊಲೆ, ಹಳೇ ಮರಗಳ ಉಂಗುರ ಎಣಿಸಿ ಹೇಳಿರೋದು, ಮಳೆ ಕೈಕೊಟ್ಟ ವರ್ಷ ಉಂಗುರ ಕೂದಲೆಳೆಯಷ್ಟು ಸಣ್ಣ. ಮಳೆ ನಂಬ್ಕೊಂಡು ಜೋಳ, ಅಂದ್ರೆ ಮುಸುಕಿನ ಜೋಳ ಬೆಳೀತಿದ್ದೋರು, ಆ ಜೋಳಾನೇ ತಿನ್ನಿಸಿ ಟರ್ಕಿ ಕೋಳಿ ಸಾಕ್ತಿದ್ದೋರು, ಮಳೆ ಹೋದ್ರೆ ಎರಡೂ ಹೋದಂಗೆ.

ಮಾರನೇ ದಿನ ಮೆಕೆಲ್ಮೋ ಕಣಿವೆಯ ಕ್ಯಾಸಲ್ ರಾಕ್ ಹತ್ರ ಹೋದ್ವಿ. ಒಂಟಿ ಬಂಡೆ, ಬುಡದಲ್ಲಿ ಹಳೇ ಊರಿನ ಕಲ್ಲಿನ ರಾಶಿ, ಒಂದು ಬೋರ್ಡು ಅಷ್ಟೇ. 1280ರ ಸುಮಾರಿಗೆ ಈ ಊರಿನ ಮೇಲೆ ದಾಳಿ ಆಗಿ ಕಮ್ಮಿ ಅಂದ್ರೂ 41 ಜನ ಸತ್ತಿದ್ರು, ಹೆಂಗಸ್ರು ಮಕ್ಕಳೂ ಸೇರಿ, ಅವ್ರನ್ನ ಸರಿಯಾಗಿ ಹೂಳಿರ್ಲೂ ಇಲ್ಲ. ಹತ್ರದಲ್ಲೇ ಸ್ಯಾಂಡ್ ಕ್ಯಾನ್ಯನ್ ಊರು, ಒರತೆ ಸುತ್ತಾನೇ ಕಟ್ಟಿ ಗೋಡೆ ಹಾಕ್ಕೊಂಡಿದ್ರು, ಅಲ್ಲೂ ಇದೇ ಗತಿ. ಅಗೆದಾಗ ಸಿಕ್ಕ ಕೊನೇ ದಿನಗಳ ಊಟದಲ್ಲಿ ಟರ್ಕಿ ಕಮ್ಮಿ, ಕಾಡುಪ್ರಾಣಿ, ಕಾಡುಸೊಪ್ಪು ಜಾಸ್ತಿ. ಅದನ್ನ ಓದಿ ನಮ್ಮ ಖಾಲಿ ಡಬ್ಬಿ ನೆನಪಾಗಿ ಒಂಥರಾ ಆಯ್ತು.

1300ರ ಹೊತ್ತಿಗೆ ಇಡೀ ಸೀಮೆ ಖಾಲಿ. ಉಳಿದೋರು ದಕ್ಷಿಣಕ್ಕೆ ಹೋದ್ರು, ಈಗಿನ ಹೋಪಿ, ಝೂನಿ, ಅಕೋಮಾ ಜನ ಅವ್ರ ಸಂತತಿ. ಅಕೋಮಾ ಊರೂ ಗುಡ್ಡದ ತಲೆ ಮೇಲೇ ಇದೆಯಂತೆ, ಮುಂದಿನ ಲಾಂಗ್ ವೀಕೆಂಡ್‌ಗೆ ಅಲ್ಲಿಗೆ.