ನಾಲ್ಕು ಟ್ರ್ಯಾಕ್, ಒಂದು ಸ್ತುತಿಗೀತೆ: ಹನ್ನೊಂದು ವಾರಗಳ ಲೆಕ್ಕ

ಮೊದಲ ವಾರ

ಯೋಜನೆ ಇಷ್ಟೇ. 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಎಂಬ ಸ್ತುತಿಗೀತೆಯ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂಬ, ಮೇಲಿನಿಂದ ಕೆಳಕ್ಕಿಳಿಯುವ ನಾಲ್ಕು ಧ್ವನಿಸಾಲುಗಳನ್ನೂ ನಾನೊಬ್ಬನೇ ಹಾಡಿ, ಒಂದರ ಮೇಲೊಂದು ಕೂರಿಸಿ, ಕಾಯಿರ್ (ಗಾಯನವೃಂದ) ಒಂದನ್ನು ಕಟ್ಟುವುದು. ಈ ಹಾಡನ್ನು ಕಾಯಿರ್ ಹಾಡಿದ ಧ್ವನಿಮುದ್ರಣ ಕೇಳಿದಾಗಲೆಲ್ಲ ಪಲ್ಲವಿಯ ಹತ್ತಿರ ನನಗೆ ಗಂಟಲು ಕಟ್ಟುತ್ತದೆ. ನಾನು ಚರ್ಚಿಗೆ ಹೋಗುವವನಲ್ಲ. ಸಾಹಿತ್ಯದ ಅರ್ಥ ಸರಿಯಾಗಿ ತಿಳಿಯದಿದ್ದ ದಿನಗಳಲ್ಲೂ ಹೀಗೇ ಆಗುತ್ತಿತ್ತು. ಅಂದ ಮೇಲೆ ಗುಟ್ಟು ಸ್ವರಗಳ ಜೋಡಣೆಯಲ್ಲೇ ಇರಬೇಕು, ಬಿಚ್ಚಿ ನೋಡಿದರೆ ಸಿಕ್ಕೀತು ಎಂದುಕೊಂಡೆ. ಗಡಿಯಾರ ಬಿಚ್ಚುವ ಹುಡುಗನೂ ಹೀಗೇ ಅಂದುಕೊಂಡಿರುತ್ತಾನೆ.

ಸಲಕರಣೆ: ಒಂದು ಮೈಕ್, ಹೆಡ್‌ಫೋನ್, ಲಯ ತಪ್ಪದಂತೆ ಟಿಕ್‌ಟಿಕ್ ಎನ್ನುವ ಮೆಟ್ರೊನೋಮ್. ಸ್ಟುಡಿಯೋ ಅಂದರೆ ಬಟ್ಟೆ ತುಂಬಿದ ಕಪಾಟು. ಅದರೊಳಗೆ ತಲೆ ತೂರಿಸಿ ಹಾಡಿದರೆ ಗೋಡೆಯ ಅನುರಣನ ಮೈಕಿಗೆ ಬರುವುದಿಲ್ಲ.

ಎರಡನೇ ವಾರ

ಬೇಸ್ ಮುಗಿಯಿತು. ಒಂಟಿಯಾಗಿ ಹಾಡಿದರೆ ಅದು ಹಾಡೇ ಅಲ್ಲ, ಯಾರೋ ಮೆಟ್ಟಿಲು ಇಳಿದು ಮತ್ತೆ ಹತ್ತಿದಂತಿರುತ್ತದೆ. ಆಲ್ಟೊ ಪಾಡು ಇನ್ನೂ ಬಡವು: ಒಂದೇ ಸ್ವರಕ್ಕೆ ಜೋತುಬಿದ್ದು, ಬೇಸರವಾದಾಗ ಒಂದು ಮೆಟ್ಟಿಲು ಅತ್ತಿತ್ತ ಸರಿಯುವುದು. ಸೊಪ್ರಾನೊಗಾಗಿ ಕಳ್ಳದನಿಯಲ್ಲಿ ಕಿರುಚಿ ನೋಡಿದೆ. ಮನೆಯವರು ಬಾಗಿಲು ತಟ್ಟಿ ವಿಚಾರಿಸಿದರು. ಕೊನೆಗೆ ಕೆಳಗಿನ ಸ್ಥಾಯಿಯಲ್ಲಿ ಹಾಡಿ ಕಂಪ್ಯೂಟರಿನಲ್ಲಿ ಮೇಲಕ್ಕೆತ್ತಿದೆ. ಅದು ಮೋಸ ಎಂದು ಗೊತ್ತು.

ಮೂರು ಮತ್ತು ನಾಲ್ಕನೇ ವಾರ

ಈ ಎರಡು ವಾರ ಪೂರ್ತಿ ಗಾಂಧಾರಕ್ಕೇ ಹೋಯಿತು. ಪಿಯಾನೋ ನೋಡಿಕೊಂಡು ಶ್ರುತಿ ಸರಿಪಡಿಸಿದಾಗ ಪ್ರತಿ ಸಾಲಿನ ಕೊನೆಯ ಮೇಳ (ಒಟ್ಟಿಗೆ ನುಡಿಯುವ ಸ್ವರಗಳು) ಸ್ವಲ್ಪ ಒರಟಾಗಿ, ನಡುಗಿದಂತೆ ಕೇಳುತ್ತಿತ್ತು. ಕಾರಣ ಹಳೆಯದೇ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋದಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್); ಕಂಪನಗಳ 5:4 ಅನುಪಾತದ ಶುದ್ಧ ಅಂತರ ಸುಮಾರು 386. ತಂಬೂರಿಯ ತಂತಿ ಮೀಟಿ ಸುಮ್ಮನೆ ಕಿವಿಗೊಟ್ಟಾಗ ಯಾರೂ ನುಡಿಸದೆ ಕೇಳಿಬರುವ ಸ್ವಯಂಭೂ ಗಾಂಧಾರ ಈ ಎರಡನೆಯದು. ವಾದ್ಯದ ಆಸರೆಯಿಲ್ಲದೆ ಹಾಡುವ ಒಳ್ಳೆಯ ಕಾಯಿರ್ ಕಿವಿಯ ಮಾತು ಕೇಳಿ ತಾನಾಗಿ ಅದರತ್ತ ಜಾರುತ್ತದೆ. ನಾನು ಮೌಸ್ ಹಿಡಿದು ಒಂದೊಂದೇ ಗಾಂಧಾರವನ್ನು 14 ಸೆಂಟ್ ಕೆಳಗಿಳಿಸಿದೆ. ನಡುಕ ನಿಂತಿತು. ಮೇಳ ಹರಳಿನಂತೆ ಹೊಳೆಯಿತು.

ಗಂಟಲು ಮಾತ್ರ ಕಟ್ಟಲಿಲ್ಲ.

ಐದನೇ ವಾರ

ನಾಲ್ಕು ಟ್ರ್ಯಾಕುಗಳೂ ಸಿದ್ಧ. ಕೇಳಿದೆ. ಸರಿಯಾಗಿದೆ, ಮತ್ತು ಸತ್ತಿದೆ.

ಒಂದು ದೋಷ ತಕ್ಷಣ ಸಿಕ್ಕಿತು. ನಾಲ್ಕು ಜನವೂ ಒಂದೇ ಕಡೆ ಉಸಿರೆಳೆಯುತ್ತಾರೆ, 'ಸ' ಅಕ್ಷರವನ್ನು ಒಂದೇ ಕ್ಷಣಕ್ಕೆ ಕತ್ತರಿಸುತ್ತಾರೆ. ನಾಲ್ಕು ಜನ ಎಲ್ಲಿಂದ ಬಂದರು, ನಾನೇ ತಾನೆ! ನಿಜವಾದ ಗುಂಪಿನಲ್ಲಿ ಯಾರ ಶ್ರುತಿ, ಕಾಲ, ಕಂಪನವೂ ಪಕ್ಕದವರದಕ್ಕೆ ಪೂರ್ತಿ ಹೊಂದುವುದಿಲ್ಲ. ಆ ಕೂದಲೆಳೆಯ ವ್ಯತ್ಯಾಸಗಳೇ ಸೇರಿ ಧ್ವನಿಗೆ ಮೈ ತುಂಬುತ್ತವೆ. ಪ್ರತಿ ಟ್ರ್ಯಾಕನ್ನೂ ಆರಾರು ಸಲ ಹಾಡಿ ಸೇರಿಸಿದೆ. ದಪ್ಪವಾಯಿತು, ಅಷ್ಟೇ.

ಎರಡನೆಯ ದೋಷ ಪಲ್ಲವಿಯಲ್ಲಿತ್ತು. ಅದರ ವಿನ್ಯಾಸ ಹೀಗಿದೆ: ಮೇಲಿನ ಧ್ವನಿಗಳು 'ಕ್ಷೇಮವೇ' ಎನ್ನುವಂಥ ಒಂದು ಮಾತನ್ನು ಹಾಡಿ ಆ ಸ್ವರವನ್ನು ಹಿಡಿದು ನಿಲ್ಲುತ್ತವೆ, ಕೆಳಗಿನಿಂದ ಗಂಡುಧ್ವನಿಗಳು ಅದೇ ಮಾತನ್ನು ಮರಳಿ ಹೇಳುತ್ತವೆ. ಮತ್ತೆ ಇನ್ನರ್ಧ ಮಾತು, ಮತ್ತೆ ಉತ್ತರ. ನನ್ನ ಧ್ವನಿಮುದ್ರಣದಲ್ಲಿ ಅದು ಉತ್ತರವಾಗಿರಲಿಲ್ಲ. ಒಬ್ಬ ಮನುಷ್ಯ ಖಾಲಿ ಕೋಣೆಯಲ್ಲಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದ.

ಆಗ ಹಾಡಿನ ಹಿನ್ನೆಲೆಯನ್ನು ಮತ್ತೆ ಓದಿದೆ. ಸಾಹಿತ್ಯ ಹೊರೇಷಿಯೋ ಸ್ಪಾಫರ್ಡ್ ಎಂಬ ಷಿಕಾಗೋ ವಕೀಲರದು. 1873ರ ನವೆಂಬರಿನಲ್ಲಿ ಅವರ ಪತ್ನಿ ಮತ್ತು ನಾಲ್ವರು ಹೆಣ್ಣುಮಕ್ಕಳು ಅಟ್ಲಾಂಟಿಕ್ ದಾಟುತ್ತಿದ್ದ 'ವಿಲ್ ದ್ಯು ಆವ್ರ್' ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ನಾಲ್ಕೂ ಮಕ್ಕಳು ಹೋದರು. ಬದುಕುಳಿದ ಪತ್ನಿ ಕಳುಹಿಸಿದ ತಂತಿ 'ಉಳಿದವಳು ನಾನೊಬ್ಬಳೇ' ಎಂಬರ್ಥದ ಎರಡೇ ಪದಗಳಿಂದ ಶುರುವಾಗುತ್ತದೆ. ಆಕೆಯನ್ನು ಕರೆತರಲು ಹೊರಟ ಸ್ಪಾಫರ್ಡ್ ಸಮುದ್ರದ ಮೇಲೆಯೇ ಇದನ್ನು ಬರೆದರೆಂಬುದು ಪ್ರಚಲಿತ ಮಾತು. 1876ರಲ್ಲಿ ಫಿಲಿಪ್ ಬ್ಲಿಸ್ ರಾಗ ಕಟ್ಟಿದರು. ಆ ರಾಗಕ್ಕೆ ಮುಳುಗಿದ ಹಡಗಿನದೇ ಹೆಸರು. ಬ್ಲಿಸ್ ಅದೇ ವರ್ಷದ ಡಿಸೆಂಬರಿನಲ್ಲಿ ರೈಲು ದುರಂತದಲ್ಲಿ ತೀರಿಕೊಂಡರು.

ಈ ಕಥೆಯನ್ನು ಹಾಡಿಗೆ ಮುಂಚೆ ವೇದಿಕೆಯ ಮೇಲೆ ಹೇಳಿ ಅಳಿಸುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಆದರೆ ಒಂದು ಸಂಗತಿ ತಲೆಯೊಳಗೆ ಕೂತುಬಿಟ್ಟಿತು. ಸಾಹಿತ್ಯ ಬರೆದವರು ಒಬ್ಬರೇ ಇದ್ದರು. ರಾಗ ಕಟ್ಟಿದವರು ಅವರ ಮಾತಿಗೆ ಓಗೊಡಲು ಜನರನ್ನು ಕೊಟ್ಟರು.

ಆರನೇ ವಾರ

ಒಂದು ಕಾಯಿರ್‌ನ ಅಭ್ಯಾಸಕ್ಕೆ ಸೇರಿಕೊಂಡೆ. ಬೇಸ್ ಸಾಲಿನ ಕೊನೆಯ ಕುರ್ಚಿ. ಹತ್ತು ನಿಮಿಷದಲ್ಲೇ ನಿರ್ದೇಶಕಿ ಹಾಡು ನಿಲ್ಲಿಸಿ ನನ್ನತ್ತ ತಿರುಗಿದರು. "ನೀವು ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಮಾಡಿದ್ದೀರಿ, ಅಲ್ಲವೇ?" ಹೌದೆಂದೆ. "ಸಾಲು ಮುಗಿದ ಕಡೆ ಉಸಿರು ತೆಗೆದುಕೊಳ್ಳಬೇಡಿ. ಅಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆ, ತೂತು ಬೀಳುತ್ತದೆ."

ಹಾಗಾದರೆ ಎಲ್ಲಿ? ಅದನ್ನು ಪಕ್ಕದ ಹಿರಿಯರು ತೋರಿಸಿಕೊಟ್ಟರು, ಒಂದು ಮಾತೂ ಆಡದೆ. ಉದ್ದನೆಯ ಸ್ವರದ ನಡುವೆ ತಾವು ಹಾಡು ಬಿಟ್ಟು ಉಸಿರೆಳೆಯುವಾಗ ತೊಡೆಯ ಮೇಲೆ ಎರಡು ಬೆರಳು ಊರುತ್ತಾರೆ. ಬೆರಳು ಇರುವಷ್ಟು ಹೊತ್ತು ನಾನು ಹಿಡಿದಿರಬೇಕು. ಅವರು ಮೆಲ್ಲಗೆ ಮರಳಿ ಸೇರಿಕೊಂಡು ಬೆರಳು ಎತ್ತುತ್ತಾರೆ. ಆಮೇಲೆ ನನ್ನ ಸರದಿ. ಕೇಳುವವರಿಗೆ ಬೇಸ್ ಸಾಲಿಗೆ ಉಸಿರಾಟವೇ ಇಲ್ಲವೇನೋ ಅನ್ನಿಸುತ್ತದೆ.

ಎಂಟನೇ ವಾರ

ಏಳನೇ ವಾರ ನೆಗಡಿ, ಬರೆಯುವಂಥದ್ದೇನಿಲ್ಲ. ಈ ವಾರ 'ಅಮೇಜಿಂಗ್ ಗ್ರೇಸ್' ಕೂಡ ತೆಗೆದುಕೊಂಡೆವು. ಈ ರಾಗಕ್ಕೆ ಐದೇ ಸ್ವರ, ಮೋಹನದವೇ. ಬಹುಶಃ ಅದಕ್ಕೇ ನಮ್ಮ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ಜಾನ್ ನ್ಯೂಟನ್ ಬರೆದ ಸಾಹಿತ್ಯ 1779ರಲ್ಲಿ ಅಚ್ಚಾಯಿತು. ಇಂದು ಎಲ್ಲರೂ ಹಾಡುವ ಧಾಟಿ ಅದಕ್ಕೆ ಅಂಟಿಕೊಂಡದ್ದು 1835ರಲ್ಲಿ, ವಿಲಿಯಂ ವಾಕರ್ ಅವರ ಸಂಗ್ರಹದಲ್ಲಿ. ಅರ್ಧ ಶತಮಾನಕ್ಕೂ ಮಿಕ್ಕಿ ಆ ಮಾತುಗಳು ಬೇರೆ ರಾಗಗಳನ್ನು ತೊಟ್ಟು ತಿರುಗಿವೆ.

ಮೊದಲ ಚರಣ ಎಲ್ಲರೂ ಒಂದೇ ಸ್ವರಸಾಲಿನಲ್ಲಿ, ಎರಡನೆಯದು ನಾಲ್ಕಾಗಿ ಒಡೆದು. ಒಡೆಯುವ ಕ್ಷಣಕ್ಕೆ ತೋಳಿನ ರೋಮ ಎದ್ದು ನಿಲ್ಲುತ್ತದೆ, ಎಷ್ಟನೇ ಸಲವಾದರೂ ಸರಿ. ಕೊನೆಯ ಚರಣಕ್ಕೆ ಶ್ರುತಿಯನ್ನೇ ಒಂದು ಮೆಟ್ಟಿಲು ಏರಿಸಬೇಕೆಂದು ಕೆಲವರ ಆಸೆ. ನನಗದು ಪಾಯಸಕ್ಕೆ ಮತ್ತೆ ಸಕ್ಕರೆ ಸುರಿದಂತೆ. ನಿರ್ದೇಶಕಿಯೂ ಒಪ್ಪಲಿಲ್ಲ, ಸದ್ಯ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬ್ಯೋರ್ನ್ ವಿಕ್‌ಹೋಫ್ ಮತ್ತು ಸಂಗಡಿಗರು ಹಾಡುಗಾರರ ನಾಡಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈಗ ಓದಿದೆ. ಅವರು ಹಾಡಿಸಿದವುಗಳಲ್ಲಿ ಒಂದು ಸ್ತುತಿಗೀತೆಯೂ ಇತ್ತು. ಹಾಡಿನ ಸಾಲು ಉಸಿರಾಟವನ್ನು ಪಳಗಿಸುತ್ತದೆ, ಉಸಿರಾಟದ ಬೆನ್ನಿಗೆ ಹೃದಯದ ಗತಿ ಏರಿಳಿಯುತ್ತದೆ. ಹೀಗಾಗಿ ಒಟ್ಟಿಗೆ ಹಾಡುವವರ ನಾಡಿಗಳು ಜೊತೆಜೊತೆಗೆ ಏರಿಳಿಯತೊಡಗುತ್ತವೆ. ಉಸಿರನ್ನು ಕದ್ದು ಕದ್ದು ತೆಗೆಯುವ ನಮ್ಮ ಬೇಸ್ ಸಾಲನ್ನು ಅಳೆದಿದ್ದರೆ ಏನು ಸಿಗುತ್ತಿತ್ತೋ.

ಒಂಬತ್ತನೇ ವಾರ

ವಾದ್ಯವಿಲ್ಲದೆ ಮೊದಲ ಸಲ 'ಇಟ್ ಈಸ್ ವೆಲ್' ಪೂರ್ತಿ ಹಾಡಿದೆವು. ಮೊದಲ ಚರಣದಲ್ಲಿ ಕಡಲ ಅಲೆಗಳಂತೆ ದುಃಖ ಉರುಳಿ ಬರುವ ಮಾತಿದೆ. ಅದನ್ನು ದಾಟಿದೆ. ಪಲ್ಲವಿಗೆ ಬಂದೆವು. ಮೇಲಿನ ಧ್ವನಿಗಳು ತಮ್ಮ ಸ್ವರದ ಮೇಲೆ ನಿಂತವು. ಈಗ ನಾವು ಉತ್ತರಿಸಬೇಕು. ಬಾಯಿ ತೆರೆದೆ, ಏನೂ ಬರಲಿಲ್ಲ. ಗಂಟಲು ಗಂಟಾಗಿತ್ತು.

ನಾನು ನಿಂತೆ, ಬೇಸ್ ನಿಲ್ಲಲಿಲ್ಲ. ನಾನು ಹಾಡಬೇಕಾದ ಸ್ವರ ನನ್ನ ಎಡಗಿವಿಯ ಪಕ್ಕದಲ್ಲೇ ಹೋಗುತ್ತಿತ್ತು. ಪಕ್ಕದವರು ನನ್ನ ಮುಖ ನೋಡಲಿಲ್ಲ. ಎರಡು ಬೆರಳನ್ನು ಈ ಸಲ ತಮ್ಮ ತೊಡೆಯ ಮೇಲಲ್ಲ, ನನ್ನ ಫೈಲಿನ ಅಂಚಿನ ಮೇಲೆ ಊರಿದರು. ಎರಡನೇ ಚರಣದ ಅರ್ಧಕ್ಕೆ ನಾನು ಮತ್ತೆ ಸೇರಿಕೊಂಡ ಮೇಲೆ ಎತ್ತಿದರು.

ಹಾಡು ಮುಗಿದಾಗ ನಿರ್ದೇಶಕಿ ಪಿಯಾನೋ ಒತ್ತಿ ನೋಡಿದರು: ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಇಳಿದಿತ್ತು. ಎಲ್ಲರೂ ಜೊತೆಯಾಗಿಯೇ ಇಳಿದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಹನ್ನೊಂದನೇ ವಾರ

ಕಪಾಟಿನ ಟ್ರ್ಯಾಕುಗಳಲ್ಲಿ ಮೂರನ್ನು ಅಳಿಸಿದೆ. ಬೇಸ್ ಇಟ್ಟುಕೊಂಡಿದ್ದೇನೆ, ಸ್ವರ ಮರೆತಾಗ ನೋಡಿಕೊಳ್ಳಲು. ಹೊಸ ಧ್ವನಿಮುದ್ರಣಕ್ಕೆ ಒಂದೇ ಮೈಕ್, ಎಲ್ಲರ ನಡುವೆ; ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು ಎಲ್ಲ ಇದೆ. ಅಳಿಸುವುದಿಲ್ಲ.

ಬಾಕಿ ಕೆಲಸ: ಶ್ರುತಿ ಇಳಿಯುವುದು ಮೂರನೇ ಚರಣದಿಂದಲೇ ಎಂದು ಕಾಣುತ್ತದೆ, ಟ್ಯೂನರ್ ಇಟ್ಟು ಖಚಿತಪಡಿಸಿಕೊಳ್ಳಬೇಕು. ಟೆನರ್ ಸಾಲಿಗೆ ಇನ್ನೊಬ್ಬರು ಬೇಕು. ಕಳೆದ ವಾರ ಬೇಸ್‌ಗೆ ಹೊಸಬರೊಬ್ಬರು ಬಂದು ನನ್ನ ಬಲಕ್ಕೆ ಕೂತಿದ್ದಾರೆ. ಸಾಲು ಮುಗಿದ ಕಡೆಯೆಲ್ಲ ಉಸಿರು ತೆಗೆದುಕೊಳ್ಳುತ್ತಾರೆ. ನಾಳೆಯ ಅಭ್ಯಾಸದಲ್ಲಿ ಅವರಿಗೆ ಬೆರಳಿನ ಲೆಕ್ಕ ತೋರಿಸಬೇಕು.