ಆರಿದ್ರಾ ಮಳೆಯ ಹೆಗ್ಗಾಲಣಬೆ

ರಾತ್ರಿಯೆಲ್ಲ ಗುಡುಗಿತ್ತು. ಬೆಳಗ್ಗೆ ನಾನು ಕಾಫಿ ಕುಡಿಯುವ ಮೊದಲೇ ಅತ್ತೆ ಬುಟ್ಟಿ ಹಿಡಿದು ನಿಂತಿದ್ದರು. "ಏಳೋ, ದನ ತುಳಿಯೋದ್ರೊಳಗೆ ಹೋಗ್ಬೇಕು."

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆರಿದ್ರಾ ಮಳೆಗೆ ಗುಡುಗು ಸೇರಿದರೆ ಹೆಗ್ಗಾಲಣಬೆ ಏಳುತ್ತದೆ ಅನ್ನುತ್ತಾರೆ. ಮನೆ ಹಿಂದಿನ ಹಾಡ್ಯ, ಅಂದರೆ ಸಣ್ಣ ಕಾಡು, ದಾಟಿದರೆ ಒಂದು ಧರೆ, ಮಣ್ಣಿನ ದಿಬ್ಬ. ಅಲ್ಲಿ ಹುತ್ತ ಕಾಣುವುದಿಲ್ಲ, ಬರೀ ದರಗು, ಉದುರಿದ ಒಣ ಎಲೆ. ಅತ್ತೆ ನೇರ ಅಲ್ಲಿಗೇ ನಡೆದರು. ಪ್ರತಿ ವರ್ಷ ಅದೇ ಜಾಗ, ಅಲ್ವಾ. ದರಗು ಸರಿಸಿದರೆ ಬೂದು ಬಣ್ಣದ ತಲೆಗಳು ಸಾಲಾಗಿ ಎದ್ದಿದ್ದವು. ಒಂದೊಂದರ ನೆತ್ತಿಯಲ್ಲೂ ಗಟ್ಟಿಯಾದ ಚೂಪು ಮೊನೆ. ಅದರಿಂದಲೇ ಮಣ್ಣು ಸೀಳಿಕೊಂಡು ಮೇಲೆ ಬರುವುದು.

ಇದೇ ಧರೆಯ ಇನ್ನೊಂದು ತುದಿಯಲ್ಲಿ, ಹೈಸ್ಕೂಲಿನಲ್ಲಿದ್ದಾಗ ನಾನೊಂದು ತಪ್ಪು ಮಾಡಿದ್ದೆ. ಅಣಬೆಯ ಬೇರು ಎಲ್ಲಿವರೆಗೆ ಹೋಗಿದೆ ನೋಡೋಣ ಅಂತ ಗುದ್ದಲಿ ಹಾಕಿದೆ. ಮೊಳದಷ್ಟು ಅಗೆದ ಮೇಲೆ ಸಣ್ಣ ಗುಹೆಯಂಥ ಜಾಗ ಸಿಕ್ಕಿತು. ಒಳಗೆ ತೂತು ತೂತಾದ ಕಂದು ಮುದ್ದೆ. ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರ ಮೈತುಂಬ ರವೆಕಾಳಿನಷ್ಟು ಬಿಳಿ ಗುಂಡುಗಳು, ನಡುವೆ ದಿಕ್ಕೆಟ್ಟು ಓಡುವ ಗೆದ್ದಲು.

ಅದು ಗೆದ್ದಲಿನ ತೋಟ ಅಂತ ಗೊತ್ತಾಗಿದ್ದು ಆಮೇಲೆ. ಒಣಗಿದ ಎಲೆ, ಕಡ್ಡಿ ತಿಂದ ಗೆದ್ದಲು ತನ್ನ ಹಿಕ್ಕೆಯಿಂದಲೇ ಆ ಮುದ್ದೆ ಕಟ್ಟುತ್ತದೆ. ಅಣಬೆಯ ಎಳೆಗಳು ಅದರೊಳಗೆ ಹಬ್ಬಿ, ಗೆದ್ದಲಿಗೆ ಅರಗದ ಗಟ್ಟಿ ನಾರನ್ನು ಮೆತ್ತಗೆ ಮಾಡಿಕೊಡುತ್ತವೆ. ಅದೇ ಗೆದ್ದಲಿನ ಊಟ. ಗೆದ್ದಲು, ಅಣಬೆಯ ಈ ಒಡನಾಟ ಸುಮಾರು 3 ಕೋಟಿ ವರ್ಷ ಹಳೆಯದು. ಈ ಅಣಬೆಗಳ ಗುಂಪಿಗೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟವರು ಫ್ರಾನ್ಸಿನ ರೋಜೆ ಹೈಮ್, 1942ರಲ್ಲಿ. ಗೆದ್ದಲಿಲ್ಲದೆ ಇದು ಏಳುವುದಿಲ್ಲ. ಬಟನ್ ಅಣಬೆಯ ಹಾಗೆ ಶೆಡ್ಡಿನಲ್ಲಿ ಬೆಳೆಯಲು ಆಗದಿರುವುದು ಅದಕ್ಕೇ.

ಅಂಥದ್ದನ್ನು ನಾನು ಸುಮ್ನೆ ಒಂದು ಕುತೂಹಲಕ್ಕೆ ಅಗೆದು ಹಾಕಿದ್ದೆ. ಆ ತುದಿಯಲ್ಲಿ ಮತ್ತೆ ಅಣಬೆ ಏಳಲಿಲ್ಲ. ಅವತ್ತು ಅತ್ತೆ ಬೈಯಲಿಲ್ಲ, ಗುದ್ದಲಿ ಇಸ್ಕೊಂಡು ಮನೆ ಕಡೆ ನಡೆದಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಈ ಸಲ ಅವರು ಕೀಳುವುದನ್ನೇ ನೋಡುತ್ತಾ ಕೂತೆ. ಕಾಲಿನ ಬುಡಕ್ಕೆ ಎರಡು ಬೆರಳು ಹಾಕಿ, ಮೆಲ್ಲಗೆ ತಿರುಗಿಸಿ, ಪಟ್ ಅಂತ ಮುರಿಯುತ್ತಾರೆ. ಬೇರು ಅಲ್ಲೇ ಉಳಿಯುತ್ತದೆ. ಕೊಡೆಯ ಹಾಗೆ ಪೂರ್ತಿ ಬಿರಿದಿದ್ದಕ್ಕೆ ನಾನು ಕೈ ಹಾಕಿದರೆ, "ಅದು ಬಿಡು, ಹುಳ ಬಿದ್ದಿರುತ್ತೆ" ಅಂದರು. ಮೊಗ್ಗು ಮತ್ತು ಅರ್ಧ ಬಿರಿದದ್ದರಲ್ಲೇ ಒಂದು ಹೊತ್ತಿನ ಸಾರಿಗಾಯಿತು.

ಬರುವಾಗ ಅತ್ತೆ ಆ ಇನ್ನೊಂದು ತುದಿಗೂ ಹೋದರು. ಕೋಲಿನಿಂದ ದರಗು ಸರಿಸಿ ನೋಡಿದರು. ಪ್ರತಿ ವರ್ಷ ನೋಡುತ್ತಾರಂತೆ. ಬರೀ ಒದ್ದೆ ಮಣ್ಣು. ದರಗನ್ನು ಮತ್ತೆ ಮೊದಲಿನ ಹಾಗೇ ಮುಚ್ಚಿ, "ಬಾ, ರೊಟ್ಟಿಗೆ ಹಿಟ್ಟು ಉಕ್ಕರಿಸ್ಬೇಕು" ಅಂದರು.